ಭಾವಚಿತ್ರಕ್ಕೆ ಒಂದು ದೀಪ ಸಾಕು



ನಮ್ಮ ಮನೆಗಳ ನಡುಮನೆಯಲ್ಲಿ ತೂಗುಹಾಕಿರುವ ಹಿರಿಯರ ಪಟಗಳನ್ನು ಒಮ್ಮೆ ಕಣ್ಣಿಟ್ಟು ನೋಡಿದರೆ ಒಂದು ಸಂಗತಿ ಗೋಚರವಾಗುತ್ತದೆ. ಅವುಗಳಲ್ಲಿ ಅನೇಕವು ಪಟವಾಗಲೆಂದು ತೆಗೆದ ಚಿತ್ರಗಳೇ ಅಲ್ಲ. ಒಂದು, ಯಾವುದೋ ಮದುವೆಯ ಗುಂಪುಚಿತ್ರದಿಂದ ಕತ್ತರಿಸಿ ತೆಗೆದ ಮುಖ. ಮತ್ತೊಂದು, ಯಾವುದೋ ಅರ್ಜಿಗೆ ಅಂಟಿಸಲೆಂದು ತೆಗೆಸಿದ ಪುಟ್ಟ ಚಿತ್ರವನ್ನು ಹಿಗ್ಗಿಸಿದ ಪ್ರತಿ. ಮನೆಯ ಹಿರಿಯರು ತೀರಿಕೊಂಡ ದಿನ ಮಾಲೆ ಹಾಕುವುದಕ್ಕೆ ಒಂದು ಚಿತ್ರ ಬೇಕೆಂದು ಹುಡುಕಾಡುವಾಗಲೇ ನಮಗೆ ಅದರ ಕೊರತೆ ತಿಳಿಯುವುದು. ಇಂದು ಹೆಚ್ಚುಕಡಮೆ ಪ್ರತಿಯೊಬ್ಬರ ಜೇಬಿನಲ್ಲಿಯೂ ಕ್ಯಾಮೆರಾ ಉಂಟು. ಸಾವಿರಾರು ಚಿತ್ರಗಳೂ ಅದರಲ್ಲಿ ಉಂಟು. ಆದರೂ ತಾಯಿಯ ಮುಖವನ್ನು ಅವಳ ಮುಖದಂತೆಯೇ ತೋರಿಸುವ ಚಿತ್ರ ಒಂದೋ ಎರಡೋ ಸಿಕ್ಕಿದರೆ ಹೆಚ್ಚು.

ಇದಕ್ಕೆ ಕ್ಯಾಮೆರಾ ಕಾರಣವಲ್ಲ. ಬೆಳಕು ಕಾರಣ. ಛಾಯಾಗ್ರಹಣವೆಂಬ ಹೆಸರಿನಲ್ಲಿ ಛಾಯೆ ಇದೆ. ಛಾಯೆ ಹುಟ್ಟುವುದು ಬೆಳಕಿನಿಂದ. ಆದುದರಿಂದ ಕಡಮೆ ಖರ್ಚಿನಲ್ಲಿ ಮನೆಯಲ್ಲಿಯೇ ಒಂದು ಒಳ್ಳೆಯ ಭಾವಚಿತ್ರ ತೆಗೆಯಬೇಕೆಂದು ಬಯಸುವವರು ಯಾವ ಬೆಳಕನ್ನು ಆರಿಸಿಕೊಳ್ಳಬೇಕು, ಏನನ್ನು ಕೊಳ್ಳಬೇಕು, ಏನನ್ನು ಕೊಳ್ಳಬಾರದು ಎಂಬುದನ್ನು ಈ ಹೊತ್ತು ವಿಚಾರಮಾಡೋಣ.

ಅಂಗಡಿಗೆ ಹೋಗುವ ಮೊದಲು ಬೆಳಕಿನ ನಾಲ್ಕು ಗುಣಗಳನ್ನು ತಿಳಿದಿರುವುದು ಅವಶ್ಯಕ. ಅವು ಯಾವುವೆಂದರೆ: ಬೆಳಕಿನ ಮೂಲದ ಗಾತ್ರ, ಅದರ ದೂರ, ಅದು ಬರುವ ದಿಕ್ಕು, ಅದರ ಬಣ್ಣ. ಈ ನಾಲ್ಕನ್ನು ಅರಿತವನಿಗೆ ಸಾಧಾರಣವಾದ ದೀಪವೂ ಸಾಕು. ಅರಿಯದವನಿಗೆ ಒಂದು ಕೋಣೆ ತುಂಬ ದೀಪಗಳಿದ್ದರೂ ಸಾಲದು.

ಮೊದಲನೆಯದು ಗಾತ್ರ. ಮಧ್ಯಾಹ್ನದ ಬಿಸಿಲಿನಲ್ಲಿ ನಿಂತವರ ಮುಖವನ್ನು ನೋಡಿ. ಮೂಗಿನ ಕೆಳಗೆ, ಹುಬ್ಬಿನ ಕೆಳಗೆ ಚೂರಿಯಲ್ಲಿ ಕತ್ತರಿಸಿದಂತಹ ಕಪ್ಪು ನೆರಳು ಬೀಳುತ್ತದೆ. ಮೋಡ ಕವಿದ ದಿನ ಅದೇ ಮುಖವನ್ನು ನೋಡಿದರೆ ನೆರಳಿನ ಅಂಚು ಎಲ್ಲಿದೆಯೆಂದು ಹೇಳುವುದೇ ಕಷ್ಟ. ಸೂರ್ಯನ ಅಡ್ಡಳತೆ ಸುಮಾರು ೧೪ ಲಕ್ಷ ಕಿಲೋಮೀಟರು. ಆದರೆ ಅವನು ಸುಮಾರು ೧೫ ಕೋಟಿ ಕಿಲೋಮೀಟರು ದೂರದಲ್ಲಿರುವುದರಿಂದ ನಮ್ಮ ಕಣ್ಣಿಗೆ ಅರ್ಧ ಡಿಗ್ರಿಯಷ್ಟು ಅಗಲದ ಒಂದು ಬಿಲ್ಲೆ ಮಾತ್ರ. ಮೋಡ ಕವಿದಾಗಲಾದರೋ ಇಡೀ ಆಕಾಶವೇ ದೀಪವಾಗುತ್ತದೆ. ಆದುದರಿಂದ ಮುಖ್ಯವಾದದ್ದು ದೀಪದ ನಿಜವಾದ ಗಾತ್ರವಲ್ಲ. ಕುಳಿತವರ ಮುಖಕ್ಕೆ ಅದು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು. ದೊಡ್ಡದಾಗಿ ಕಂಡರೆ ಮೃದುವಾದ ನೆರಳು, ಸಣ್ಣದಾಗಿ ಕಂಡರೆ ಗಡುಸಾದ ನೆರಳು. ಇದೊಂದು ಸೂತ್ರ ಮನಸ್ಸಿನಲ್ಲಿ ನಿಂತರೆ ಅರ್ಧ ವಿದ್ಯೆ ಬಂದ ಹಾಗೆ.

ಎರಡನೆಯದು ದೂರ. ಸಣ್ಣ ದೀಪದಿಂದ ಬರುವ ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ ಎಂಬ ಭೌತಶಾಸ್ತ್ರದ ನಿಯಮವನ್ನು ಶಾಲೆಯಲ್ಲಿ ಓದಿ ಮರೆತಿದ್ದೇವೆ. ಅದನ್ನು ಇಲ್ಲಿ ನೆನಪಿಗೆ ತಂದುಕೊಳ್ಳಬೇಕು. ದೀಪ ಮುಖದಿಂದ ೩ ಅಡಿ ದೂರದಲ್ಲಿದೆ, ಹಿಂದಿನ ಗೋಡೆ ದೀಪದಿಂದ ೬ ಅಡಿ ದೂರದಲ್ಲಿದೆ ಎಂದಿಟ್ಟುಕೊಳ್ಳಿ. ಗೋಡೆಗೆ ಬೀಳುವ ಬೆಳಕು ಮುಖದ ಮೇಲಿನದರ ನಾಲ್ಕನೆಯ ಒಂದು ಪಾಲು. ಗೋಡೆ ಮಬ್ಬಾಗಿ ಹಿಂದೆ ಸರಿದು ಮುಖ ಮುಂದೆ ಬರುತ್ತದೆ. ಕುಳಿತವರನ್ನು ಕದಲಿಸದೆ ದೀಪವನ್ನು ೯ ಅಡಿಗೆ ಒಯ್ದರೆ ಗೋಡೆ ದೀಪಕ್ಕೆ ೧೨ ಅಡಿಯಾಗುತ್ತದೆ. ಆಗ ಗೋಡೆಗೆ ಮುಖದ ಅರ್ಧಕ್ಕಿಂತಲೂ ಹೆಚ್ಚು ಬೆಳಕು ಬಿದ್ದು, ಅದರ ಮೇಲಿನ ಕ್ಯಾಲೆಂಡರು, ಸ್ವಿಚ್ಚು, ಮೊಳೆ ಎಲ್ಲವೂ ಚಿತ್ರಕ್ಕೆ ಬಂದು ಕೂರುತ್ತವೆ. ಹತ್ತಿರದ ದೀಪ ದೊಡ್ಡದಾಗಿ ಕಂಡು ಮೃದುವೂ ಆಗುತ್ತದೆ, ಹಿನ್ನೆಲೆಯನ್ನೂ ಅಡಗಿಸುತ್ತದೆ. ಹೊಸಬರು ಸಾಮಾನ್ಯವಾಗಿ ದೀಪವನ್ನು ದೂರವೇ ಇಡುತ್ತಾರೆ. ಚಿತ್ರದ ಚೌಕಟ್ಟಿನೊಳಗೆ ಕಾಣದಷ್ಟು ಮಟ್ಟಿಗೆ ಅದನ್ನು ಹತ್ತಿರ ತರಬಹುದು.

ಮೂರನೆಯದು ದಿಕ್ಕು. ಕ್ಯಾಮೆರಾದ ಮೇಲೆಯೇ ಇರುವ ದೀಪ ಮುಖವನ್ನು ನೇರವಾಗಿ ಬೆಳಗುವುದರಿಂದ ನೆರಳೆಲ್ಲ ಮುಖದ ಹಿಂದೆ ಅಡಗಿ, ಮೂಗು ಕೆನ್ನೆಗಳು ಚಪ್ಪಟೆಯಾಗಿ, ಮುಖ ಗೋಡೆಗೆ ಅಂಟಿಸಿದ ಕಾಗದದಂತೆ ಕಾಣುತ್ತದೆ. ಕೆಳಗಿನಿಂದ ಬಂದ ಬೆಳಕು ಸಾಧುವಿನ ಮುಖವನ್ನೂ ರಾಕ್ಷಸನದನ್ನಾಗಿ ಮಾಡಬಲ್ಲದು. ಮೇಲಿನಿಂದ ಬೀಳುವ ಸೂರ್ಯನ ಬೆಳಕಿಗೆ ನಮ್ಮ ಕಣ್ಣು ಒಗ್ಗಿಹೋಗಿರುವುದೇ ಅದಕ್ಕೆ ಕಾರಣ. ದೀಪ ಮುಖದ ಒಂದು ಪಕ್ಕಕ್ಕೆ ಸುಮಾರು ೪೫ ಡಿಗ್ರಿ ಸರಿದು, ಕಣ್ಣಿನ ಮಟ್ಟಕ್ಕಿಂತ ಅಷ್ಟೇ ಮೇಲಿದ್ದರೆ ಮುಖದ ಏರುತಗ್ಗುಗಳು ಸಹಜವಾಗಿ ಮೂಡುತ್ತವೆ. ಇನ್ನೂ ಸ್ವಲ್ಪ ಪಕ್ಕಕ್ಕೆ ಸರಿಸಿದರೆ ನೆರಳಿನ ಕಡೆಯ ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಬೆಳಕಿನ ಒಂದು ಸಣ್ಣ ತ್ರಿಕೋಣ ಉಳಿಯುತ್ತದೆ. ೧೭ನೆಯ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟನ ಭಾವಚಿತ್ರಗಳಲ್ಲಿ ಕಾಣುವ ಈ ವಿನ್ಯಾಸವನ್ನು ಛಾಯಾಗ್ರಾಹಕರು ಇಂದಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ.

ನಾಲ್ಕನೆಯದಾದ ಬಣ್ಣದ ವಿಷಯವನ್ನು ದೀಪ ಕೊಳ್ಳುವ ಸಂದರ್ಭದಲ್ಲಿ ಹೇಳುತ್ತೇನೆ. ಏಕೆಂದರೆ ಮೊದಲ ದೀಪಕ್ಕೆ ಹಣ ಕೊಡಬೇಕಾದುದೇ ಇಲ್ಲ. ಅದು ಮನೆಯ ಕಿಟಕಿ.

ಕಿಟಕಿಯೆಂದು ತಾತ್ಸಾರ ಮಾಡಬಾರದು. ೧೮೧೫ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮೆರನ್ ಎಂಬ ಮಹಿಳೆಗೆ ೧೮೬೩ರಲ್ಲಿ, ಅವರ ೪೮ನೆಯ ವಯಸ್ಸಿನಲ್ಲಿ, ಮಗಳು ಅಳಿಯ ಒಂದು ಕ್ಯಾಮೆರಾವನ್ನು ಉಡುಗೊರೆಯಾಗಿ ಕೊಟ್ಟರು. ಆಕೆ ಇಂಗ್ಲೆಂಡಿನ ವೈಟ್ ದ್ವೀಪದಲ್ಲಿದ್ದ ತಮ್ಮ ಮನೆಯ ಗಾಜಿನ ಕೋಳಿಗೂಡನ್ನು ಖಾಲಿಮಾಡಿಸಿ ಅದನ್ನೇ ಚಿತ್ರಶಾಲೆಯನ್ನಾಗಿ ಮಾಡಿಕೊಂಡರು. ಕಲ್ಲಿದ್ದಲಿನ ಕೊಠಡಿ ಕತ್ತಲೆಕೋಣೆಯಾಯಿತು. ವಿಜ್ಞಾನಿ ಹರ್ಷೆಲ್, ಕವಿ ಟೆನಿಸನ್, ಡಾರ್ವಿನ್ ಮೊದಲಾದವರ ಮುಖಗಳನ್ನು ಆಕೆ ಹಗಲಿನ ಬೆಳಕಿನಲ್ಲಿಯೇ ಸೆರೆಹಿಡಿದರು. ಅವು ಇಂದಿಗೂ ಭಾವಚಿತ್ರಗಳ ಚರಿತ್ರೆಯಲ್ಲಿ ಅಗ್ರಸ್ಥಾನದಲ್ಲಿವೆ.

ಯಾವ ಕಿಟಕಿ ಒಳ್ಳೆಯದು? ನೇರ ಬಿಸಿಲು ಬೀಳದ ಕಿಟಕಿ. ಉತ್ತರದ ಕಿಟಕಿಯೇ ಶ್ರೇಷ್ಠವೆಂದು ಯೂರೋಪಿನ ಪುಸ್ತಕಗಳು ಹೇಳುತ್ತವೆ. ಅಲ್ಲಿಗೆ ಅದು ಸರಿ. ನಮ್ಮ ನಾಡಿಗೆ ಪೂರ್ತಿಯಾಗಿ ಅನ್ವಯಿಸುವುದಿಲ್ಲ. ಮೈಸೂರು ಸಮಭಾಜಕವೃತ್ತದಿಂದ ೧೨ ಡಿಗ್ರಿಗಿಂತ ತುಸು ಉತ್ತರಕ್ಕಿದೆ. ಆದುದರಿಂದ ಸುಮಾರು ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯಭಾಗದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಆ ತಿಂಗಳುಗಳಲ್ಲಿ ಉತ್ತರದ ಕಿಟಕಿಗೂ ಬಿಸಿಲು ಬರಬಹುದು, ದಕ್ಷಿಣದ್ದೇ ತಂಪಾಗಿರಬಹುದು. ಪುಸ್ತಕವನ್ನು ನಂಬುವುದಕ್ಕಿಂತ ನೆಲದ ಮೇಲೆ ಬಿಸಿಲಿನ ತುಂಡು ಬಿದ್ದಿದೆಯೇ ಎಂದು ನೋಡಿ ತೀರ್ಮಾನಿಸುವುದು ಮೇಲು. ಬಿದ್ದಿದ್ದರೆ ತೆಳುವಾದ ಬಿಳಿಯ ಪಂಚೆಯೊಂದನ್ನು ಕಿಟಕಿಗೆ ಇಳಿಬಿಟ್ಟರಾಯಿತು. ಆ ಪಂಚೆಯೇ ದೊಡ್ಡ ದೀಪವಾಗುತ್ತದೆ.

ಕುಳಿತವರನ್ನು ಕಿಟಕಿಗೆ ಬೆನ್ನುಮಾಡಿ ಕೂರಿಸದೆ, ಮೂರು ನಾಲ್ಕು ಅಡಿ ದೂರದಲ್ಲಿ, ಬೆಳಕು ಪಕ್ಕದಿಂದ ತುಸು ಮುಂದಾಗಿ ಬರುವಂತೆ ಕೂರಿಸಿ. ನೆರಳಿನ ಕಡೆ ಒಂದು ಬಿಳಿಯ ಥರ್ಮೋಕೋಲ್ ಹಲಗೆಯನ್ನೋ ದಪ್ಪ ಡ್ರಾಯಿಂಗ್ ಕಾಗದವನ್ನೋ ಮುಖಕ್ಕೆ ಹತ್ತಿರವಾಗಿ ಹಿಡಿಸಿದರೆ ಕಿಟಕಿಯ ಬೆಳಕು ಅದರಿಂದ ಹಿಂದಿರುಗಿ ನೆರಳನ್ನು ತಿಳಿಯಾಗಿಸುತ್ತದೆ. ಹಲಗೆ ಹತ್ತಿರ ಬಂದಷ್ಟೂ ನೆರಳು ತೆಳುವಾಗುತ್ತದೆ. ದೂರ ಸರಿದಷ್ಟೂ ಗಾಢವಾಗುತ್ತದೆ. ಕೋಣೆಯ ವಿದ್ಯುದ್ದೀಪವನ್ನು ಮಾತ್ರ ಮರೆಯದೆ ಆರಿಸಬೇಕು. ಇಲ್ಲವಾದರೆ ಒಂದು ಕೆನ್ನೆ ನೀಲಿ, ಇನ್ನೊಂದು ಹಳದಿ ಆಗುತ್ತದೆ.

ಹಾಗಾದರೆ ದೀಪವನ್ನು ಕೊಳ್ಳುವುದೇಕೆ? ಕಿಟಕಿಯ ಬೆಳಕು ನಮ್ಮ ಮಾತನ್ನು ಕೇಳುವುದಿಲ್ಲ. ಕೆಲಸಕ್ಕೆ ಹೋಗುವವರಿಗೆ ಬಿಡುವಾಗುವುದು ಕತ್ತಲಾದ ಮೇಲೆ. ಮಳೆಗಾಲದಲ್ಲಿ ಮಧ್ಯಾಹ್ನ ಮೂರಕ್ಕೇ ಕೋಣೆ ಮಸುಕಾಗಬಹುದು. ಊರುಗಳ ಒತ್ತಿನ ಮನೆಗಳಲ್ಲಿ ಕಿಟಕಿ ತೆರೆದರೆ ಎದುರಿಗೆ ನೆರೆಮನೆಯ ಗೋಡೆ. ಇಂತಹ ಸಂದರ್ಭಗಳಿಗೆ ನಾವು ಇಟ್ಟಲ್ಲಿ ಇರುವ ಒಂದು ದೀಪ ಬೇಕಾಗುತ್ತದೆ.

ದೀಪಗಳಲ್ಲಿ ಎರಡು ಜಾತಿ: ಕ್ಷಣಮಾತ್ರ ಮಿಂಚುವ ಫ್ಲಾಷ್, ಸದಾ ಉರಿಯುವ ದೀಪ. ೧೮೮೭ರಲ್ಲಿ ಜರ್ಮನಿಯಲ್ಲಿ ಕಂಡುಹಿಡಿದ ಮೆಗ್ನೀಸಿಯಮ್ ಮಿಂಚುಪುಡಿಯು ಹೊಗೆಯನ್ನೂ ಅಪಾಯವನ್ನೂ ಕೂಡಿಕೊಂಡೇ ಬಂದಿತು. ೧೯೨೯ರ ಸುಮಾರಿನಲ್ಲಿ ಅದು ಗಾಜಿನ ಬುರುಡೆಯೊಳಗೆ ಸೇರಿತು. ಒಂದು ಬುರುಡೆ ಒಂದೇ ಚಿತ್ರಕ್ಕೆ. ೧೯೩೦ರ ದಶಕದಲ್ಲಿ ಅಮೆರಿಕದ ಹೆರಾಲ್ಡ್ ಎಡ್ಗರ್ಟನ್ನರು ಅನಿಲ ತುಂಬಿದ ಗಾಜಿನ ನಳಿಗೆಯಲ್ಲಿ ವಿದ್ಯುತ್ತಿನ ಮಿಂಚನ್ನು ಬೇಕೆಂದಷ್ಟು ಬಾರಿ ಹೊಮ್ಮಿಸುವ ಉಪಕರಣವನ್ನು ರೂಢಿಗೆ ತಂದರು. ಇಂದಿನ ಫ್ಲಾಷ್ ಅದರ ಸಂತತಿ. ಸದಾ ಉರಿಯುವ ದೀಪಗಳಲ್ಲಿ ಇಂದು ಎಲ್.ಇ.ಡಿ. ದೀಪವೇ ಪ್ರಧಾನವಾದುದು, ಹಿಂದಿನ ಹ್ಯಾಲೊಜನ್ ದೀಪಗಳಂತೆ ಅದು ಕುಳಿತವರನ್ನು ಬೇಯಿಸುವುದಿಲ್ಲ.

ಇವೆರಡರಲ್ಲಿ ಯಾವುದನ್ನು ಆರಿಸಬೇಕು? ಉತ್ತರ ತಮ್ಮ ಕ್ಯಾಮೆರಾವನ್ನು ಅವಲಂಬಿಸಿದೆ. ದೂರವಾಣಿಯಲ್ಲಿರುವ ಕ್ಯಾಮೆರಾದಲ್ಲಿ ಚಿತ್ರ ತೆಗೆಯುವವರಿಗೆ ಸಾಮಾನ್ಯ ಫ್ಲಾಷ್ ಉಪಯೋಗಕ್ಕೆ ಬಾರದು. ಅದು ಮಿಂಚುವ ಕ್ಷಣವೂ ದೂರವಾಣಿ ಚಿತ್ರ ಹಿಡಿಯುವ ಕ್ಷಣವೂ ಕೂಡುವುದಿಲ್ಲ. ಅವರಿಗೆ ಎಲ್.ಇ.ಡಿ. ದೀಪವೇ ಗತಿ. ಅದರಲ್ಲಿ ಒಂದು ದೊಡ್ಡ ಅನುಕೂಲವೂ ಉಂಟು: ನೆರಳು ಎಲ್ಲಿ ಬೀಳುತ್ತದೆಂಬುದು ಕಣ್ಣಿಗೆ ಮುಂಚಿತವಾಗಿಯೇ ಕಾಣುವುದರಿಂದ ಕಲಿಯುವವರಿಗೆ ಅದು ಒಳ್ಳೆಯ ಗುರು.

ಮೇಲೆ ಫ್ಲಾಷ್ ಸಿಕ್ಕಿಸುವ ಜಾಗವಿರುವ ಕ್ಯಾಮೆರಾ ಉಳ್ಳವರಿಗೆ, ಅಷ್ಟೇ ಹಣಕ್ಕೆ, ಫ್ಲಾಷ್ ಹೆಚ್ಚು ಬೆಳಕನ್ನು ಕೊಡುತ್ತದೆ. ತನ್ನ ಶಕ್ತಿಯನ್ನೆಲ್ಲ ಸೆಕೆಂಡಿನ ಅತ್ಯಲ್ಪ ಭಾಗದಲ್ಲಿ ಸುರಿದುಬಿಡುವುದರಿಂದ ಮಗು ಅಲುಗಿದರೂ ವೃದ್ಧರ ತಲೆ ನಡುಗಿದರೂ ಚಿತ್ರ ಕದಡುವುದಿಲ್ಲ. ಷಟರಿನ ವೇಗವನ್ನು ಸೆಕೆಂಡಿನ ೧೬೦ನೆಯ ಒಂದು ಭಾಗದಷ್ಟು ಇಟ್ಟುಕೊಂಡರೆ ಕೋಣೆಯ ಹಳದಿ ದೀಪದ ಪ್ರಭಾವವೂ ಬಹುಮಟ್ಟಿಗೆ ತಪ್ಪುತ್ತದೆ. ಕೊಳ್ಳುವಾಗ ತಾನೇ ಎಲ್ಲವನ್ನೂ ನಿರ್ಣಯಿಸುವ ದುಬಾರಿಯ ಫ್ಲಾಷನ್ನು ಹುಡುಕಬೇಕಾಗಿಲ್ಲ. ಶಕ್ತಿಯನ್ನು ಕೈಯಿಂದ ಪೂರ್ಣ, ಅರ್ಧ, ಕಾಲು ಎಂದು ಇಳಿಸಬಲ್ಲ ಸಾಧಾರಣ ಫ್ಲಾಷ್ ಒಂದಿದ್ದರೆ ಸಾಕು. ಸೆಕೆಂಡ್‌ಹ್ಯಾಂಡ್ ಆದರೂ ಚಿಂತೆಯಿಲ್ಲ. ಅದನ್ನು ದೂರದಿಂದಲೇ ಮಿಂಚಿಸುವ ರೇಡಿಯೋ ಟ್ರಿಗರ್ ಒಂದು ಜೊತೆಗೆ ಬೇಕು. ಕ್ಯಾಮೆರಾದ ತಲೆಯ ಮೇಲೆಯೇ ಕೂತ ಫ್ಲಾಷಿನಿಂದ ದಿಕ್ಕಿನ ಗುಣ ದೊರೆಯುವುದಿಲ್ಲವಷ್ಟೆ.

ಎಲ್.ಇ.ಡಿ. ಕೊಳ್ಳುವವರು ಮೂರು ವಿಷಯಗಳನ್ನು ವಿಚಾರಿಸಬೇಕು. ಇಲ್ಲಿಯೇ ಬಣ್ಣದ ಮಾತು ಬರುವುದು. ಬೆಳಕಿನ ಬಣ್ಣವನ್ನು ಕೆಲ್ವಿನ್ ಮಾನದಲ್ಲಿ ಹೇಳುತ್ತಾರೆ: ಹಳೆಯ ತಂತಿಯ ಬಲ್ಬಿನ ಹಳದಿ ಬೆಳಕು ಸುಮಾರು ೨೭೦೦, ಹಗಲಿನ ಬೆಳಕು ಸುಮಾರು ೫೫೦೦. ಕಿಟಕಿಯೊಡನೆ ಸೇರಿಸಿ ಬಳಸಬೇಕಾದರೆ ೫೫೦೦ರ ಆಸುಪಾಸಿನದು ಒಳ್ಳೆಯದು. ಎರಡನೆಯದಾಗಿ, ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆಂಬುದಕ್ಕೆ ಸಿ.ಆರ್.ಐ. ಎಂಬ ಅಂಕವುಂಟು, ಪರಮಾವಧಿ ೧೦೦. ಮುಖದ ಚಿತ್ರಕ್ಕೆ ೯೫ಕ್ಕೆ ಕಡಮೆಯಿಲ್ಲದ ದೀಪ ಬೇಕು. ಅಗ್ಗದ ಬಿಳಿಯ ಎಲ್.ಇ.ಡಿ.ಯಲ್ಲಿ ಕೆಂಪಿನ ಅಂಶ ಕಡಮೆಯಾಗಿ ಆರೋಗ್ಯವಂತರೂ ಕಾಮಾಲೆ ಹಿಡಿದವರಂತೆ ಕಾಣಬಹುದು. ಮೂರನೆಯದು ಮಿನುಗಾಟ. ನಮ್ಮ ಮನೆಯ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತಗಳದು. ಕೀಳು ದೀಪಗಳು ಆವರ್ತಕ್ಕೆ ಎರಡರಂತೆ ಸೆಕೆಂಡಿಗೆ ೧೦೦ ಬಾರಿ ಮಿನುಗುತ್ತವೆ. ಕಣ್ಣಿಗೆ ಅದು ತಿಳಿಯದು. ಚಿತ್ರದಲ್ಲಿ ಮಾತ್ರ ಅಡ್ಡಪಟ್ಟೆಗಳು ಮೂಡುತ್ತವೆ. ಅಂಗಡಿಯಲ್ಲಿಯೇ ದೀಪವನ್ನು ಹೊತ್ತಿಸಿ, ತಮ್ಮ ಕೈಯನ್ನು ಅದರ ಮುಂದೆ ಹಿಡಿದು ಹೆಚ್ಚಿನ ವೇಗದಲ್ಲಿ ಒಂದು ಚಿತ್ರ ತೆಗೆದರೆ ಚರ್ಮದ ಬಣ್ಣವೂ ಪಟ್ಟೆಗಳೂ ಒಟ್ಟಿಗೇ ಪರೀಕ್ಷೆಗೆ ಒಳಗಾಗುತ್ತವೆ.

ಫ್ಲಾಷಾಗಲಿ ಎಲ್.ಇ.ಡಿ.ಯಾಗಲಿ ಬರಿಯ ರೂಪದಲ್ಲಿ ಸಣ್ಣದೇ. ಮೊದಲು ಹೇಳಿದ ಸೂತ್ರದಂತೆ ಅದನ್ನು ದೊಡ್ಡದು ಮಾಡಬೇಕು. ಅದಕ್ಕೆ ಅತ್ಯಂತ ಅಗ್ಗದ ಸಾಧನ ಬಿಳಿಯ ಕೊಡೆ. ದೀಪವನ್ನು ಕೊಡೆಯೊಳಕ್ಕೆ ತಿರುಗಿಸಿದರೆ ಬೆಳಕು ಬಿಳಿಯ ಬಟ್ಟೆಯ ಮೂಲಕ ಹಾದು ಅಥವಾ ಅದರಿಂದ ಹಿಂದಿರುಗಿ ಹರಡುತ್ತದೆ. ಸಾಫ್ಟ್‌ಬಾಕ್ಸ್ ಎಂಬ ಬಟ್ಟೆಯ ಪೆಟ್ಟಿಗೆ ಬೆಳಕನ್ನು ಹೆಚ್ಚು ಹತೋಟಿಯಲ್ಲಿಡುತ್ತದೆ. ಬೆಲೆಯೂ ಜೋಡಿಸುವ ಶ್ರಮವೂ ಹೆಚ್ಚು. ಕೊಡೆಯ ಬೆಳಕು ನಾಲ್ಕು ಕಡೆಗೂ ಚೆಲ್ಲುವುದರಿಂದ ಬಿಳಿಯ ಗೋಡೆಯ ಸಣ್ಣ ಕೋಣೆಯಲ್ಲಿ ಗೋಡೆಗಳೂ ಸಹಾಯಕ್ಕೆ ಬರುತ್ತವೆ. ಆದರೆ ಹಸಿರು ಬಣ್ಣ ಬಳಿದ ಕೋಣೆಯಾದರೆ ಆ ಹಸಿರು ಕೆನ್ನೆಯ ಮೇಲೂ ಇಳಿಯುತ್ತದೆ. ಗೋಡೆಗೆ ಒಂದು ಬಿಳಿಯ ಹೊದಿಕೆಯನ್ನು ಇಳಿಬಿಡುವುದು ವಿಹಿತ.

ಕೊಡೆಯನ್ನು ಹೊತ್ತ ಸ್ಟ್ಯಾಂಡು ಫ್ಯಾನಿನ ಗಾಳಿಗೂ ಉರುಳಬಹುದು. ಮನೆಯಲ್ಲಿ ಮಕ್ಕಳಿದ್ದರಂತೂ ಅದರ ಕಾಲಿನ ಮೇಲೆ ಮರಳು ತುಂಬಿದ ಚೀಲವೊಂದನ್ನು ಹೇರದೆ ದೀಪ ಹೊತ್ತಿಸಕೂಡದು. ಇದಕ್ಕೆ ಖರ್ಚಿಲ್ಲ, ಮರೆತರೆ ನಷ್ಟ ದೀಪದ್ದು ಮಾತ್ರವಲ್ಲ.

ಈಗ ಜೋಡಣೆ. ಕುಳಿತವರನ್ನು ಗೋಡೆಯಿಂದ ನಾಲ್ಕೈದು ಅಡಿ ಮುಂದೆ ಕೂರಿಸಿ. ಕೊಡೆಯನ್ನು ಒಂದು ಪಕ್ಕಕ್ಕೆ, ೪೫ ಡಿಗ್ರಿಯಲ್ಲಿ, ಮುಖದಿಂದ ಮೂರು ಅಡಿ ದೂರದಲ್ಲಿ, ಕಣ್ಣಿಗಿಂತ ಮೇಲೆ ನಿಲ್ಲಿಸಿ. ಇನ್ನೊಂದು ಪಕ್ಕಕ್ಕೆ ಬಿಳಿಯ ಹಲಗೆ. ಕಣ್ಣಿನ ಕರಿಯ ಪಾಪೆಯಲ್ಲಿ ಕೊಡೆಯ ಬಿಳಿಯ ಬಿಂಬ ಕಾಣಿಸುತ್ತಿದೆಯೇ ಎಂದು ನೋಡಿ; ಆ ಚುಕ್ಕೆಯಿಲ್ಲದ ಕಣ್ಣು ನಿರ್ಜೀವವಾಗಿ ತೋರುತ್ತದೆ. ಕಾಣದಿದ್ದರೆ ದೀಪವನ್ನು ಇಳಿಸಿ. ಕನ್ನಡಕದವರಾದರೆ ಗಾಜಿನಲ್ಲಿ ಬಿಂಬ ಕಾಣದಂತೆ ದೀಪವನ್ನು ತುಸು ಮೇಲಕ್ಕೂ ಪಕ್ಕಕ್ಕೂ ಸರಿಸಿ; ಕನ್ನಡಕವನ್ನೇ ತೆಗೆಸಬೇಡಿ, ಏಕೆಂದರೆ ಅದು ಆ ಮುಖದ ಅಂಗವಾಗಿ ಹೋಗಿದೆ. ವೃದ್ಧರ ಸುಕ್ಕುಗಳನ್ನು ಮೃದುವಾಗಿಸಬೇಕಾದರೆ ದೀಪವನ್ನು ಮುಂದಕ್ಕೆ ತನ್ನಿ. ಅವರ ಬಾಳಿನ ಬರಹವನ್ನು ಓದಿಸಬೇಕೆಂದರೆ ಪಕ್ಕಕ್ಕೆ ಒಯ್ಯಿರಿ.

ಇನ್ನೊಂದು ವಿಷಯವನ್ನು ಹೇಳದೆ ಮುಗಿಸುವುದು ತಕ್ಕುದಲ್ಲ. ನಮ್ಮಲ್ಲಿ ಬಹುಮಂದಿಯದು ಕಪ್ಪು, ಎಣ್ಣೆಗಪ್ಪು, ಗೋಧಿ ಬಣ್ಣ. ಮುಖವನ್ನು ಬೆಳ್ಳಗೆ ಮಾಡುವುದೇ ಒಳ್ಳೆಯ ಚಿತ್ರವೆಂಬ ಭ್ರಮೆ ಸ್ಟುಡಿಯೋಗಳಲ್ಲಿ ಬಹುಕಾಲದಿಂದ ಬೇರೂರಿದೆ. ಈಗ ಯಂತ್ರಗಳು ಕೇಳದೆಯೇ ಆ ಕೆಲಸವನ್ನು ಮಾಡುತ್ತವೆ. ಕ್ಯಾಮೆರಾದ ಬೆಳಕುಮಾಪಕವು ತನ್ನ ಮುಂದಿರುವುದೆಲ್ಲ ನಡುಬೂದು ಬಣ್ಣದ್ದೆಂದು ಊಹಿಸುತ್ತದೆ. ಕಪ್ಪು ಮುಖವೇ ಚೌಕಟ್ಟನ್ನು ತುಂಬಿದಾಗ ಅದನ್ನು ಬೂದು ಮಾಡುತ್ತದೆ. ಹಿಂದೆ ಬಿಳಿಗೋಡೆಯಿದ್ದಾಗ ಅದೇ ಮುಖವನ್ನು ಮಸಿಯಾಗಿಸುತ್ತದೆ. ಆದುದರಿಂದ ಯಂತ್ರದ ನಿರ್ಣಯವನ್ನು ಒಪ್ಪದೆ ಕಣ್ಣಿನಿಂದ ಹೋಲಿಸಿ ಬೆಳಕನ್ನು ಹೊಂದಿಸಬೇಕು. ಕಪ್ಪು ಚರ್ಮದ ಚೆಲುವು ಅದರ ಹೊಳಪಿನಲ್ಲಿದೆ. ದೊಡ್ಡ ಕೊಡೆಯನ್ನು ಪಕ್ಕದಲ್ಲಿಟ್ಟರೆ ಕೆನ್ನೆಯ ಮೂಳೆಯ ಮೇಲೆ, ಹಣೆಯ ಮೇಲೆ ಆ ಹೊಳಪು ಹರಿದು ಮುಖದ ಆಕಾರವನ್ನು ಕಡೆದಂತೆ ತೋರಿಸುತ್ತದೆ. ಅಜ್ಜಿಯ ಬಣ್ಣವನ್ನು ತಿಳಿಗೊಳಿಸಿದ ಪಟವನ್ನು ನೋಡಿ ಬೆಳೆದ ಮೊಮ್ಮಕ್ಕಳು ಯಾರನ್ನು ಅಜ್ಜಿಯೆಂದು ತಿಳಿಯಬೇಕು? ಅದು ಅಲಂಕಾರವಲ್ಲ, ಅಪಹಾರ.

ಕೊನೆಯದಾಗಿ ಕೊಳ್ಳುವ ಕ್ರಮ. ಮೊದಲು ಬಿಳಿಯ ಹಲಗೆ ಮತ್ತು ಕಿಟಕಿ. ಒಂದು ತಿಂಗಳು ಇವುಗಳಲ್ಲಿಯೇ ಅಭ್ಯಾಸ. ಆಮೇಲೆ ಒಂದು ದೀಪ, ಒಂದು ಸ್ಟ್ಯಾಂಡು, ಒಂದು ಕೊಡೆ, ಫ್ಲಾಷಾದರೆ ಟ್ರಿಗರ್. ಮೂರು ದೀಪ, ನಾಲ್ಕು ಬಣ್ಣದ ಪರದೆಗಳನ್ನು ಒಂದೇ ಪೆಟ್ಟಿಗೆಯಲ್ಲಿ ಅಗ್ಗಕ್ಕೆ ಕೊಡುವ ಕಟ್ಟುಗಳಿಗೆ ಮಾರುಹೋಗಬಾರದು. ಅವುಗಳಲ್ಲಿ ಮೂರೂ ದುರ್ಬಲವಾಗಿರುವುದೇ ಹೆಚ್ಚು. ಒಂದು ದೀಪದ ನೆರಳನ್ನೇ ಓದಲು ಬಾರದವನಿಗೆ ಮೂರು ದೀಪಗಳ ನೆರಳು ಗೊಂದಲವೇ ಸರಿ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿ ಕಲೆಗೂ ಒಪ್ಪುತ್ತದೆ. ಎರಡನೆಯ ದೀಪ ಏಕೆ ಬೇಕೆಂದು ತಮಗೆ ತಾವೇ ಒಂದು ವಾಕ್ಯದಲ್ಲಿ ಹೇಳಿಕೊಳ್ಳಬಲ್ಲ ದಿನ ಅದನ್ನು ಕೊಂಡರೆ ಸಾಕು.

ಹೀಗೆ ಉಳಿದ ಹಣದಲ್ಲಿ ತೆಗೆದ ಚಿತ್ರವನ್ನು ಒಳ್ಳೆಯ ಕಾಗದದ ಮೇಲೆ ಅಚ್ಚುಹಾಕಿಸಿ. ಯಂತ್ರದೊಳಗೇ ಉಳಿದ ಚಿತ್ರ ಯಂತ್ರದೊಡನೆಯೇ ಹೋಗುತ್ತದೆ. ಗೋಡೆಯ ಮೇಲಿನದು ಮನೆಯವರ ಕಣ್ಣಿಗೆ ದಿನವೂ ಬೀಳುತ್ತದೆ. ಬರುವ ಭಾನುವಾರ ಬೆಳಗ್ಗೆ ತಮ್ಮ ಮನೆಯ ಹಿರಿಯರೊಬ್ಬರನ್ನು ಕಿಟಕಿಯ ಪಕ್ಕದಲ್ಲಿ ಕೂರಿಸಿ, ಅವರಿಗೆ ಪ್ರಿಯವಾದ ಯಾವುದಾದರೂ ಮಾತನ್ನು ತೆಗೆಯಿರಿ. ದೀಪವನ್ನು ಆಮೇಲೆ ಕೊಳ್ಳಬಹುದು. ಆ ಮುಖವನ್ನು ಆಮೇಲೆ ಕೊಳ್ಳಲಾಗುವುದಿಲ್ಲ.